ಮಿಸ್ಟರ್ ನಗರ್ ಎಂಬ ಇಬ್ಬರು

ಓಪನ್ ಸೋರ್ಸ್ ಕೆಲಸಕ್ಕೆ ಇಳಿಯುವ ಮಕ್ಕಳಿಗೆ ಎಲ್ಲರೂ ಒಂದೇ ಪಾಠ ಹೇಳುತ್ತಾರೆ. ಅದು ಹಂಚಿಕೊಂಡು ತಿನ್ನುವ ಲೋಕವಂತೆ, ಅಲ್ಲಿ ನನ್ನದು ನಿನ್ನದು ಎಂಬುದೇ ಇಲ್ಲವಂತೆ. ಹೇಳುವವರು ಹೇಳಿಕೊಳ್ಳಲಿ. ಚಾಮರಾಜನಗರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ವರ್ಷಗಟ್ಟಲೆ ಆ ಕೆಲಸ ಮಾಡಿದವನು ನಾನು. ಅಲ್ಲಿ ಕಂಡಷ್ಟು ನನ್ನದು ನಿನ್ನದನ್ನು ಅಣ್ಣತಮ್ಮಂದಿರ ಹೊಲದ ಬದುವಿನಲ್ಲೂ ನಾನು ಕಂಡಿಲ್ಲ. ಕಂಡದ್ದೇನು ಬಂತು, ಪಟ್ಟದ್ದು. ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಲೇ ನಾನು ಆ ಕಸುಬು ಕಲಿತೆ.

ನನ್ನ ಹೆಸರು ನಂಜುಂಡಸ್ವಾಮಿ, ಊರು ಉಡಿಗಾಲ. ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದವನು ಅದೇ ಲ್ಯಾಬಿನಿಂದ ನಿವೃತ್ತನಾದೆ. ನಡುವೆ ಬಂದ ಬಡ್ತಿಗಳ ಕಥೆ ಯಾರಿಗೂ ಬೇಡ, ನನಗೂ ಬೇಡ.

ಮೊದಲು ಈ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕೆಲವು ಪ್ರೋಗ್ರಾಂಗಳ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ತಪ್ಪು ಕಂಡರೆ ತಿದ್ದಬಹುದು. ತಿದ್ದಿದ ಸಾಲುಗಳನ್ನು ಮಾತ್ರ ಬೇರೆ ಮಾಡಿ ಅದನ್ನು ನೋಡಿಕೊಳ್ಳುವವರಿಗೆ ಕಳಿಸಬೇಕು. ಅದಕ್ಕೆ ಪ್ಯಾಚ್ ಎನ್ನುತ್ತಾರೆ, ಅಂದರೆ ತೇಪೆ. ಅವರು ಓದಿ, ಒಪ್ಪಿದರೆ ಹೊಲಿಯುತ್ತಾರೆ, ಒಪ್ಪದಿದ್ದರೆ ವಾಪಸ್. ಈಗ ಗುಂಡಿ ಒತ್ತಿದರೆ ಹೋಗುತ್ತದೆ. ಎರಡು ಸಾವಿರದ ಇಸವಿಯ ಆಚೀಚೆಯ ಆ ವರ್ಷಗಳಲ್ಲಿ ಇಮೇಲಿನಲ್ಲಿ ಹೋಗಬೇಕಿತ್ತು. ಇಮೇಲ್ ಹೋಗಬೇಕಾದರೆ ಫೋನ್ ಲೈನು, ಕರೆಂಟು ಮತ್ತು ಪ್ರಿನ್ಸಿಪಾಲರ ಮೂಡು ಮೂರೂ ಒಟ್ಟಿಗೆ ಸರಿಯಿರಬೇಕಿತ್ತು.

ನನ್ನನ್ನು ಇದಕ್ಕೆ ತಳ್ಳಿದವನು ನಮ್ಮ ಲೈಬ್ರೇರಿಯನ್ ಪುಟ್ಟಸ್ವಾಮಿ. ಹರದನಹಳ್ಳಿಯವನು, ನನ್ನ ಜೊತೆಯಲ್ಲೇ ಓದಿದವನು. ಪುಕ್ಕಟೆ ಸಿಗುತ್ತದೆಂದು ಅವನ ಲೈಬ್ರರಿಗೆ ಹೊರದೇಶದವರು ಮಾಡಿದ್ದ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕದ ಇಂಥದೊಂದು ಪ್ರೋಗ್ರಾಂ ಹಾಕಿಕೊಟ್ಟಿದ್ದೆ. ಒಂದು ಬೆಳಿಗ್ಗೆ ಏದುಸಿರು ಬಿಡುತ್ತಾ ಬಂದ.

"ಲೋ ನಂಜುಂಡ, ನಿನ್ ಪ್ರೋಗ್ರಾಂ ನನ್ ಮಾನ ಕಳ್ದ್‌ಬುಡ್ತು ಕಣ್ಲಾ! ಮಹದೇವಸ್ವಾಮಿಗಳನ್ನೆಲ್ಲ ಹಿಡ್ದು ಒಬ್ಬನ್ನೇ ಮಾಡ್‌ಬುಟ್ಟದೆ. ಒಬ್ಬ ಪುಸ್ತಕ ತಕೊಂಡೋದ್ರೆ ಇನ್ನೊಬ್ಬನ್ಗೆ ಕೊಡಾಕಿಲ್ಲ ಅಂತದೆ!"

ನಮ್ಮ ಸೀಮೆಯಲ್ಲಿ ಬೆಟ್ಟದ ಮಾದಪ್ಪನ ಹೆಸರಿಲ್ಲದ ಮನೆ ಯಾವುದಿದೆ? ಪ್ರತಿ ಕ್ಲಾಸಿನಲ್ಲೂ ಮಹದೇವಸ್ವಾಮಿಗಳ ಒಂದು ದಂಡೇ ಇರುತ್ತದೆ. ಆ ಪ್ರೋಗ್ರಾಂ ಮಾಡಿದವರಿಗೋ ಪ್ರತಿ ಮನುಷ್ಯನಿಗೂ ಒಂದು ಮನೆತನದ ಹೆಸರು ಇರಲೇಬೇಕು. ನಮ್ಮ ಹುಡುಗರ ಹೆಸರನ್ನು ಅದು ಮನೆತನ ಎಂದುಕೊಂಡು, ಮುಂದಿನ ಇನಿಷಿಯಲ್ ಒಂದೇ ಇದ್ದರೆ ಎಲ್ಲರೂ ಒಬ್ಬನೇ ಎಂದು ತಿಳಿಯುತ್ತಿತ್ತು. ಇದನ್ನು ನಾನೇ ಸರಿಮಾಡುತ್ತೇನೆಂದು ಅಂದು ಹಟ ಹುಟ್ಟಿತು. ಆ ಪ್ರೋಗ್ರಾಂ ಜೊತೆಗೇ, ಅದಕ್ಕೆ ದುಡಿದವರ ಹೆಸರುಗಳೂ ಬರುತ್ತಿದ್ದವು. ಜಗತ್ತಿನ ಎಲ್ಲೆಲ್ಲಿಯವರೋ ಇದ್ದರು. ಅಲ್ಲಿ ಉಡಿಗಾಲದವನ ಹೆಸರೂ ಒಂದು ಬರಬೇಕು ಎಂಬುದು ನನ್ನ ಆಸೆ. ಬೇರೆ ಇನ್ನೇನೂ ಅಲ್ಲ, ಅಷ್ಟೇ.

ದೊಡ್ಡದಕ್ಕೆ ಕೈ ಹಾಕುವ ಮುಂಚೆ ಅಭ್ಯಾಸಕ್ಕೆಂದು ಒಂದು ಚಿಕ್ಕ ತಪ್ಪು ತಿದ್ದಿ ಕಳಿಸಿದೆ. ಮಾರನೆಯ ದಿನವೇ ಬೈಗುಳ ಬಂತು. ನನ್ನ ತೇಪೆ ಹಾಕಿದ ಕೂಡಲೇ ಅವರ ಕಡೆ ಇಡೀ ಪ್ರೋಗ್ರಾಂ ಮಲಗಿಬಿಟ್ಟಿತ್ತಂತೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ವಾರವೆಲ್ಲ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಚಿಕ್ಕಂದಿನಿಂದ ಯಾವ ಹಾಳೆಯಲ್ಲಿ ಬರೆಯಲು ಶುರುಮಾಡಿದರೂ ನೆತ್ತಿಯ ಮೇಲೆ 'ಶ್ರೀ' ಹಾಕಿ ಬರೆದ ಕೈ ಇದು. ಫೈಲಿನ ನೆತ್ತಿಯ ಮೇಲೂ ಇಂಗ್ಲಿಷ್ ಅಕ್ಷರದಲ್ಲಿ 'ಶ್ರೀ ಮಾದಪ್ಪ' ಎಂದು ಒಂದು ಸಾಲು ಹಾಕಿದ್ದೆ. ಅವರ ಯಂತ್ರಗಳು ಮೊದಲ ಸಾಲನ್ನು ನೋಡಿಯೇ ಇದನ್ನು ಹೇಗೆ ಓಡಿಸಬೇಕೆಂದು ತೀರ್ಮಾನಿಸುತ್ತವೆ. ನನ್ನ ಯಂತ್ರಕ್ಕೆ ಆ ಗೊಡವೆ ಇರಲಿಲ್ಲ. ಮಾದಪ್ಪ ಅಡ್ಡ ಕೂತಿದ್ದರಿಂದ ಅವರ ಯಂತ್ರಗಳು ದಿಕ್ಕು ಕಾಣದೆ ನಿಂತಿದ್ದವು.

"ದೇವ್ರೆಸ್ರು ಬರ್ದುದ್ಕೆ ಕೆಟ್ಟೋಯ್ತೇನ್ಲಾ? ಎಂಥಾ ಪ್ರೋಗ್ರಾಂ ತಂದಿದ್ದೀಯ!" ಎಂದು ಪುಟ್ಟಸ್ವಾಮಿ ಅದಕ್ಕೇ ಶಾಪ ಹಾಕಿದ.

ಮಾದಪ್ಪನಿಗೆ ಕೈಮುಗಿದು ಆ ಸಾಲನ್ನು ತೆಗೆದು ಮತ್ತೆ ಕಳಿಸಿದೆ. ಮತ್ತೆ ವಾಪಸ್. ಈ ಸಲ ಅಂದವಾಗಿ ಕಾಣಲೆಂದು ಫೈಲಿನ ಎಲ್ಲ ಸಾಲುಗಳನ್ನೂ ಒಂದೇ ಅಂಚಿಗೆ ಜೋಡಿಸಿ ಕಳಿಸಿದ್ದೆ. "ಮನೆಗೆಲ್ಲ ಸುಣ್ಣ ಬಳಿದಿದ್ದೀರಿ. ಸೋರುತ್ತಿದ್ದ ಜಾಗ ಯಾವುದು?" ಎಂಬ ಅರ್ಥದಲ್ಲಿ ಬರೆದಿದ್ದರು. ಹಾಗೆ ಬರೆಯುತ್ತಿದ್ದವರು ಆ ಪ್ರೋಗ್ರಾಮಿನ ಮುಖ್ಯಸ್ಥರು. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಕಟ್ಟಿದ ಗೋಡೆಗೆಲ್ಲ ದಾರ ಹಿಡಿದು ನೋಡುವವರಾದ್ದರಿಂದ ನಾನೂ ಪುಟ್ಟಸ್ವಾಮಿಯೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಮೇಸ್ತ್ರಿ ನನ್ನನ್ನು ಕರೆಯುತ್ತಿದ್ದುದು ಮಿಸ್ಟರ್ ನಗರ್ ಎಂದು. ಲ್ಯಾಬಿನ ಇಮೇಲನ್ನು ಊರಿನ ಹೆಸರಲ್ಲಿ ಮಾಡಿಸಿದ್ದೆವು. ಚಾಮರಾಜ ಎನ್ನುವುದು ನನ್ನ ಹೆಸರು, ನಗರ್ ನನ್ನ ಮನೆತನ ಎಂದುಕೊಂಡಿದ್ದರು. ಒಂದಾದರೂ ತೇಪೆ ಒಪ್ಪಿಗೆಯಾಗಲಿ, ಆಮೇಲೆ ನಿಜವಾದ ಹೆಸರು ಹೇಳೋಣ ಎಂದು ಸುಮ್ಮನಿದ್ದೆ.

ಅಷ್ಟರಲ್ಲಿ ದಾಕ್ಷಾಯಣಿ ಬಂದಳು.

ಬಂದಳು ಎಂದು ಈ ವಯಸ್ಸಿನಲ್ಲಿ ಬರೆಯುತ್ತಿದ್ದೇನೆ, ಎದುರಿಗೆ ಯಾವತ್ತೂ ಮೇಡಂ ಎಂದೇ ಕರೆದದ್ದು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಅವರ ಲೈಬ್ರರಿಗೂ ಅದೇ ಪ್ರೋಗ್ರಾಂ ಹಾಕಿಸಿ, ಅದರ ಹೊಟ್ಟೆಗೆ ತಾನೂ ಕೈ ಹಾಕಿದ್ದಳು. ಆದರೆ ಅವರ ಕಾಲೇಜಿನ ಫೋನ್ ಲೈನು ಮಾತಾಡುವುದಕ್ಕೇ ಆಗುತ್ತಿರಲಿಲ್ಲ, ಇಂಟರ್ನೆಟ್ ಎಲ್ಲಿಂದ ಬರಬೇಕು? ಹಾಗಾಗಿ, ನಮ್ಮ ಲ್ಯಾಬಿನಲ್ಲಿ ಇಮೇಲ್ ಇದೆಯೆಂದು ಯಾರಿಂದಲೋ ಕೇಳಿ, ತನ್ನ ತೇಪೆಯನ್ನು ಫ್ಲಾಪಿಗೆ ಹಾಕಿ, ಫ್ಲಾಪಿಯನ್ನು ಕವರಿಗೆ ಹಾಕಿ, ಚಾಮರಾಜನಗರದ ಬಸ್ ಕಂಡಕ್ಟರ್ ಕೈಗೆ ಕೊಟ್ಟುಬಿಟ್ಟಿದ್ದಳು. ಕಂಡಕ್ಟರ್ ತಂದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿಟ್ಟ. ಅಂಗಡಿಯವನು ನನಗೆ ಹೇಳಿಕಳಿಸಿದ. ಕವರಿನ ಮೇಲೆ 'ದಯವಿಟ್ಟು ಇದನ್ನು ನಿಮ್ಮ ಇಮೇಲಿನಿಂದ ಕಳಿಸಿ ಸಾರ್' ಎಂದಿತ್ತು.

ಅದಕ್ಕೇನಂತೆ ಎಂದು ಕಳಿಸಿದೆ. ಮಾರನೆಯ ದಿನವೇ ಉತ್ತರ ಬಂತು: "ಮಿಸ್ಟರ್ ನಗರ್, ಬಹಳ ಚೆನ್ನಾಗಿದೆ. ಸೇರಿಸಿದ್ದೇನೆ. ನೀವು ಬೇಗ ಕಲಿಯುತ್ತೀರಿ."

ನನ್ನದು ಎರಡು ಸಲ ವಾಪಸ್ ಬಂದಿತ್ತು. ಅವಳದು ಮೊದಲನೆಯದೇ ಹೊಲಿಗೆಯಾಯಿತು. ಅದೂ ನನ್ನ ಹೆಗಲ ಮೇಲೆ ಕೂತು!

ಆಮೇಲೆ ವಾರಕ್ಕೊಂದು ಫ್ಲಾಪಿ ಬರತೊಡಗಿತು. ಕಳಿಸುವುದಿಲ್ಲ ಎನ್ನುವ ಹಾಗಿಲ್ಲ, ಇಡೀ ಬಸ್ ಸ್ಟ್ಯಾಂಡಿಗೆ ಗೊತ್ತು. ಆದರೆ ಕಳಿಸುವ ಮುಂಚೆ ಓದುವುದಕ್ಕೆ ಯಾರ ಅಪ್ಪಣೆ ಬೇಕು? ಪ್ರತಿ ಸಾಲನ್ನೂ ಓದಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ತಪ್ಪು ಹುಡುಕಿದೆ. ಒಂದು ಸಿಕ್ಕರೆ ಹಬ್ಬ. ಒಮ್ಮೆ ಅವಳು, ಪುಸ್ತಕ ವಾಪಸ್ ಕೊಡುವ ದಿನ ರಜೆ ಬಂದರೆ ಅದನ್ನು ಮುಂದಿನ ಕೆಲಸದ ದಿನಕ್ಕೆ ತಳ್ಳುವಂತೆ ಮಾಡಿದ್ದಳು. ನೋಡೋಣ ಎಂದು ನಾನು ವಾರದ ಏಳೂ ದಿನ ರಜೆ ಎಂದು ಹಾಕಿದೆ. ಕೆಲಸದ ದಿನ ಹುಡುಕುತ್ತಾ ಹುಡುಕುತ್ತಾ ಪ್ರೋಗ್ರಾಂ ಕಲ್ಲಾಗಿ ಕೂತುಬಿಟ್ಟಿತು. ಹಿಗ್ಗಿ ಹೀರೇಕಾಯಿಯಾಗಿ, ಚೀಟಿ ಬರೆದು ಫ್ಲಾಪಿ ವಾಪಸ್ ಕಳಿಸಿದೆ. ಅವಳು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು.

"ಏನ್ ಸಾರ್ ಇದು? ಯಾವ ಕಾಲೇಜು ವಾರದಲ್ಲಿ ಏಳು ದಿನಾನೂ ರಜಾ ಕೊಡ್ತದೆ?"

"ನಮ್ದು ಕೊಡ್ತದೆ ಮೇಡಂ."

"ಅದಕ್ಕೇ ನೋಡಿ, ಇಂಥದ್ನೆಲ್ಲ ಹುಡುಕೋಕೆ ನಿಮ್ಗೆ ಪುರುಸೊತ್ತು" ಎಂದು ಫೋನ್ ಇಟ್ಟಳು. ಆದರೆ ತಿದ್ದಿ ಕಳಿಸಿದಳು. ನಾನು ಅದರ ಜೊತೆಗೆ 'ಹೀಗೆ ಹೀಗೆ ಪರೀಕ್ಷೆ ಮಾಡಿದೆ, ಇಲ್ಲಿ ಇಂಥ ಅಪಾಯವಿತ್ತು, ಈಗಿಲ್ಲ' ಎಂದು ಬರೆದು ಮೇಸ್ತ್ರಿಗೆ ಕಳಿಸಿದೆ. ಅವಳ ತಪ್ಪು ಜಗತ್ತಿಗೆ ಗೊತ್ತಾಗಲಿ ಎಂಬುದೇ ಉದ್ದೇಶ, ಬೇರೆ ಸದುದ್ದೇಶವೇನಿರಲಿಲ್ಲ. ಅವಳ ತೇಪೆಗಳ ಜೊತೆ ಇಂಥ ಟಿಪ್ಪಣಿ ಹೋಗುವುದು ಒಂದು ವಾಡಿಕೆಯೇ ಆಯಿತು. ನನ್ನವಕ್ಕೆ ಟಿಪ್ಪಣಿ ಬರೆಯುವ ಅಗತ್ಯ ನನಗೆ ಕಾಣಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ನನ್ನವೂ ಒಂದೆರಡು ಒಪ್ಪಿಗೆಯಾದವೆನ್ನಿ, ಕಾಲುಭಾಗ ಕತ್ತರಿಸಿಕೊಂಡು. ಮೇಸ್ತ್ರಿಗೆ ಮಾತ್ರ ಮಿಸ್ಟರ್ ನಗರ್ ಬಿಡಿಸಲಾರದ ಒಗಟಾಗಿದ್ದ. "ಕೆಲವು ವಾರ ನೀವು ಎಷ್ಟು ಸ್ವಚ್ಛವಾಗಿ ಬರೆಯುತ್ತೀರಿ, ಕೆಲವು ವಾರ ನಿಮಗೆ ಏನಾಗುತ್ತದೆ? ಆರೋಗ್ಯ ಚೆನ್ನಾಗಿದೆಯೇ?" ಎಂದು ಒಮ್ಮೆ ಕೇಳಿದ್ದರು. ಇದನ್ನು ಪುಟ್ಟಸ್ವಾಮಿಗೆ ಹೇಳಿದ್ದೇ ತಪ್ಪಾಯಿತು. ದಿನಾ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ನಿಂತು "ಏನ್ಲಾ ನಗರು, ಮೈಯಾಗೆ ಉಸಾರೈತಾ?" ಎನ್ನುವನು.

ನಿಜ ಹೇಳಿಬಿಡೋಣ ಎಂದರೆ ಬಾಯಿ ಬರಲಿಲ್ಲ. ಹೇಳಿದರೆ ಹೊಗಳಿಕೆಯೆಲ್ಲ ಎದ್ದು ಗುಂಡ್ಲುಪೇಟೆಗೆ ಹೋಗುತ್ತದೆ. ಈ ಇಮೇಲ್ ಇಬ್ಬರದೂ ಎಂದು ಅವಳಿಗೂ ಗೊತ್ತಿತ್ತು, ಉತ್ತರಗಳ ಪ್ರತಿಯನ್ನು ಅದೇ ಬಸ್ಸಿನಲ್ಲಿ ತಪ್ಪದೆ ಕಳಿಸುತ್ತಿದ್ದೆ. ತನ್ನನ್ನು ಮಿಸ್ಟರ್ ಎಂದು ಕರೆಯುವುದನ್ನು ಓದಿ ಅವಳು ನಗುತ್ತಿದ್ದಳಂತೆ. ನಗುವುದಕ್ಕೆ ಅವಳಿಗೇನು, ಅವಳದೆಲ್ಲ ಒಪ್ಪಿಗೆಯಾಗುತ್ತಿತ್ತು.

ಕೊನೆಗೆ ನನ್ನ ದೊಡ್ಡ ಕೆಲಸ ಮುಗಿಯಿತು. ಮಹದೇವಸ್ವಾಮಿಗಳ ಬಿಡುಗಡೆ! ಪ್ರತಿ ವಿದ್ಯಾರ್ಥಿಗೂ ತಂದೆಯ ಹೆಸರು, ಊರು, ಹೋಬಳಿ ಎಂದು ಒಂದೊಂದು ಖಾನೆ ಮಾಡಿದ್ದೆ. ಎಲ್ಲ ತುಂಬಿದರೇ ಮುಂದಕ್ಕೆ ಹೋಗಬೇಕು. ಇಬ್ಬರು ಮಹದೇವಸ್ವಾಮಿಗಳು ಇನ್ನು ಒಬ್ಬನಾಗುವ ಮಾತೇ ಇಲ್ಲ. ಆ ಬೇಸಿಗೆ ರಜೆಯನ್ನೆಲ್ಲ ಅದಕ್ಕೇ ಸುರಿದಿದ್ದೆ. ಇದು ಒಪ್ಪಿಗೆಯಾದ ದಿನ ನನ್ನ ಹೆಸರು ಹೇಳಿಕೊಳ್ಳುತ್ತೇನೆಂದು ನಿಶ್ಚಯಿಸಿದ್ದೆ. ಕಳಿಸಬೇಕು ಎನ್ನುವಾಗ ಟೀ ಅಂಗಡಿಯಿಂದ ಕರೆ ಬಂತು. ಫ್ಲಾಪಿ.

ಅವಳೂ ಅದನ್ನೇ ಸರಿಮಾಡಿದ್ದಳು! ಅದೂ ಒಂದು ಸಾಲನ್ನೂ ಹೊಸದಾಗಿ ಬರೆಯದೆ. ಮನೆತನದ ಹೆಸರು ಇರಲೇಬೇಕು ಎನ್ನುತ್ತಿದ್ದ ಸಾಲುಗಳನ್ನೂ, ಹೆಸರು ನೋಡಿ ಇಬ್ಬರನ್ನು ಒಬ್ಬರಾಗಿಸುತ್ತಿದ್ದ ಸಾಲುಗಳನ್ನೂ ಕಿತ್ತು ಎಸೆದಿದ್ದಳು. ಹೆಸರು ಎಷ್ಟಿದೆಯೋ ಅಷ್ಟು. ಬೇರೆ ಬೇರೆ ಲೈಬ್ರರಿ ಕಾರ್ಡ್ ಇದ್ದರೆ ಬೇರೆ ಬೇರೆ ಮನುಷ್ಯರು, ಮುಗಿಯಿತು. ನಾನು ಬೇಸಿಗೆಯೆಲ್ಲ ಕಟ್ಟಿದ್ದನ್ನು ಅವಳು ಕಸ ಗುಡಿಸಿ ಮುಗಿಸಿದ್ದಳು.

ನಾನು ಫ್ಲಾಪಿ ಬಚ್ಚಿಟ್ಟೆ ಎಂದು ನೀವು ಎಣಿಸುತ್ತಿದ್ದರೆ, ಇಲ್ಲ. ಧರ್ಮಬುದ್ಧಿಯಿಂದಲ್ಲ. ಬಚ್ಚಿಟ್ಟು ಗೆದ್ದರೆ ಗೆದ್ದಂತೆ ನನಗೇ ಅನ್ನಿಸುತ್ತಿರಲಿಲ್ಲ, ಅದಕ್ಕೆ. ಎರಡನ್ನೂ ಒಂದೇ ದಿನ ಕಳಿಸಿದೆ.

ಮೇಸ್ತ್ರಿಯ ಉತ್ತರ ಹೀಗಿತ್ತು: "ಮಿಸ್ಟರ್ ನಗರ್, ನೀವು ಒಂದೇ ದಿನ ಒಂದಕ್ಕೊಂದು ವಿರುದ್ಧವಾದ ಎರಡು ತೇಪೆ ಕಳಿಸಿದ್ದೀರಿ. ಒಂದು ಎಲ್ಲವನ್ನೂ ಕೇಳುತ್ತದೆ, ಒಂದು ಏನನ್ನೂ ಕೇಳುವುದಿಲ್ಲ. ನಿಮ್ಮ ಕಡೆಯ ಹೆಸರುಗಳ ವಿಷಯ ನನಗೆ ತಿಳಿಯದು. ಯಾವುದು ಸರಿ ಎಂದು ನೀವೇ ತೀರ್ಮಾನಿಸಿ. ನಿಮಗೆ ಈ ಪ್ರೋಗ್ರಾಮಿನ ಕೀಲಿ ಕೊಡಬೇಕೆಂದು ಯೋಚಿಸುತ್ತಿದ್ದೇನೆ."

ಕೀಲಿ ಎಂದರೆ ಯಾರನ್ನೂ ಕೇಳದೆ ತೇಪೆ ಸೇರಿಸುವ ಅಧಿಕಾರ. ಅಂಥವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿದ್ದ ಬಂಡಿಯಲ್ಲಿ ಒಬ್ಬನೇ ಮನುಷ್ಯ ಕೂತಿದ್ದಾನೆಂದು ಅವರು ತಿಳಿದಿದ್ದರು. ನನ್ನದು ಸರಿ ಎಂದು ಒಂದು ಸಾಲು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಬರೆಯುವುದಕ್ಕೇ ಕೂತೆ. ಆದರೆ ಅವಳ ತೇಪೆಯಲ್ಲಿ ಏನಾದರೊಂದು ಹುಳುಕು ತೋರಿಸದೆ ಹಾಗೆ ಬರೆಯಲು ಕೈ ಏಳಲಿಲ್ಲ, ಹುಳುಕು ಸಿಗಲೊಲ್ಲದು. ಎದುರಿಗೇ ಸೋಲಿಸೋಣ ಎಂದು ನನ್ನದನ್ನು ಫ್ಲಾಪಿಗೆ ಹಾಕಿಕೊಂಡು ಮಾರನೆಯ ದಿನ ಗುಂಡ್ಲುಪೇಟೆ ಬಸ್ ಹತ್ತಿದೆ.

ಅಲ್ಲಿಯವರೆಗೆ ಅವಳನ್ನು ನೋಡಿರಲಿಲ್ಲ. ಎತ್ತರದ ಹೆಂಗಸು, ಕನ್ನಡಕ, ಮುಡಿ ತುಂಬ ಮಲ್ಲಿಗೆ. ಕುರ್ಚಿ ತೋರಿಸಿ, ಟೀ ತರಿಸಿ, ನಾನು ಅರ್ಧ ಕುಡಿಯುವುದರೊಳಗೆ ಜಗಳಕ್ಕೆ ನಿಂತಳು.

"ಸಾರ್, ಲೈಬ್ರರೀಲಿ ಪುಸ್ತಕ ತಕೊಳೋಕೆ ಹೋಬಳಿ ಯಾಕೆ ಬೇಕು? ಅದೇನ್ ಜಮೀನ್ ಪಾಣಿ ಕೊಡೋ ಆಫೀಸಾ?"

"ಹೋಬಳಿ ಬುಟ್ಬುಡಿ ಮೇಡಂ. ತಂದೆ ಹೆಸರಿಲ್ದೆ ಗುರುತು ಹೆಂಗ್ ಹಿಡೀತೀರಾ?"

ಅವಳು ನನ್ನ ತೇಪೆಯನ್ನು ತನ್ನ ಕಂಪ್ಯೂಟರಿಗೆ ಹಾಕಿದಳು. ಹೊಸ ಸದಸ್ಯರ ಪುಟ ತೆರೆದು ತನ್ನ ಹೆಸರನ್ನೇ ಹೊಡೆದಳು. ದಾಕ್ಷಾಯಣಿ. ಹಿಂದಿಲ್ಲ ಮುಂದಿಲ್ಲ, ಅಷ್ಟೇ. ತಂದೆಯ ಹೆಸರಿನ ಖಾನೆಯನ್ನು ಖಾಲಿ ಬಿಟ್ಟು ಕೀ ಒತ್ತಿದಳು. ಅದು ಕೆಂಪು ಅಕ್ಷರದಲ್ಲಿ ತಂದೆಯ ಹೆಸರು ಕೊಡಿ ಎಂದಿತು. ಮತ್ತೆ ಒತ್ತಿದಳು. ಮತ್ತೆ ಅದನ್ನೇ ಹೇಳಿತು.

"ನಮ್ಮವ್ವ ಇಲ್ಲೇ ಹೂ ಕಟ್ಟಿ ಮಾರಿ ನನ್ನ ಓದಿಸಿದ್ದು" ಎಂದಳು. "ಹಾಕ್ಕೊಳೋವಂಥ ಹೆಸ್ರು ಬೇರೆ ಇರ್ನಿಲ್ಲ. ಇನಿಷಿಯಲ್ ಇಲ್ದೆನೇ ಎಮ್ಮೆಸ್ಸಿ ಮಾಡಿದೀನಿ, ಕೆಲ್ಸಕ್ಕೂ ಸೇರಿದೀನಿ. ನಿಮ್ ಪ್ರೋಗ್ರಾಮಲ್ಲಿ ಮಾತ್ರ ನಾನು ಇಲ್ವಲ್ಲ ಸಾರ್."

ಅವಳ ದನಿಯಲ್ಲಿ ದುಃಖವಿದ್ದಿದ್ದರೆ ಸಮಾಧಾನ ಹೇಳಬಹುದಿತ್ತು. ಇದ್ದದ್ದು ಗೆದ್ದ ಗತ್ತು. ನನ್ನ ತೇಪೆಯ ಹುಳುಕನ್ನು ಅವಳು ಒಂದೇ ಕೀ ಒತ್ತಿ ತೋರಿಸಿಬಿಟ್ಟಿದ್ದಳು, ನಾನು ಅವಳದನ್ನು ಹಗಲೆಲ್ಲ ಜಾಲಾಡಿದರೂ ಸಿಕ್ಕಿರಲಿಲ್ಲ. ಟೀ ಅಲ್ಲೇ ಬಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೆ. ಬೈಗುಳ ತೀರಿದಾಗ ಬಸ್ ಚಾಮರಾಜನಗರ ಮುಟ್ಟಿತ್ತು.

ನೇರ ಲ್ಯಾಬಿಗೆ ಹೋಗಿ ಮೇಸ್ತ್ರಿಗೆ ಬರೆದೆ: ಮಿಸ್ಟರ್ ನಗರ್ ಎನ್ನುವವರು ಯಾರೂ ಇಲ್ಲ. ನಾವು ಇಬ್ಬರು. ಏನನ್ನೂ ಕೇಳದ ತೇಪೆ ಗುಂಡ್ಲುಪೇಟೆಯ ದಾಕ್ಷಾಯಣಿ ಅವರದು, ಅದೇ ಸರಿ. ಎಲ್ಲವನ್ನೂ ಕೇಳುವುದು ನನ್ನದು. ಇಷ್ಟು ದಿನ ನೀವು ಹೊಗಳಿದ್ದೆಲ್ಲ ಹೆಚ್ಚುಕಡಿಮೆ ಅವರದೇ. ಅವರ ತೇಪೆಗಳ ಜೊತೆಗಿದ್ದ ಟಿಪ್ಪಣಿಗಳು ಮಾತ್ರ ನನ್ನವು. ಕಳಿಸುವ ಗುಂಡಿ ಒತ್ತಿದಾಗ, ಆ ಕೀಲಿ ನನ್ನ ಕಣ್ಣೆದುರೇ ಗುಂಡ್ಲುಪೇಟೆ ಬಸ್ ಹತ್ತಿ ಹೋದಂತೆ ಕಂಡಿತು.

ಉತ್ತರ ಬರಲು ವಾರ ಹಿಡಿಯಿತು. ಅದನ್ನು ಎಷ್ಟು ಸಲ ಓದಿದ್ದೇನೆಂದರೆ ಈಗಲೂ ಬಾಯಿಗೆ ಬರುತ್ತದೆ.

"ಇಬ್ಬರೆಂದು ತಿಳಿದು ಸಮಾಧಾನವಾಯಿತು. ತನ್ನ ಕೆಲಸವನ್ನೇ ಇಷ್ಟು ನಿರ್ದಯವಾಗಿ ಅನುಮಾನಿಸುವವನು ಎಷ್ಟು ದುಃಖಿಯಾಗಿರಬೇಕು ಎಂದು ಚಿಂತೆಯಾಗಿತ್ತು. ಕೆಲವು ತೇಪೆಗಳ ಬಗ್ಗೆ ಮಾತ್ರ ನಿಮಗೆ ಯಾವ ಅನುಮಾನವೂ ಇರುತ್ತಿರಲಿಲ್ಲ. ಕೆಟ್ಟವು ಅವೇ. ಅವು ಯಾರವು ಎಂದು ಈಗ ಅರ್ಥವಾಯಿತು. ಬರೆಯುವವರು ನಮಗೆ ಬೇಕಾದಷ್ಟು ಸಿಗುತ್ತಾರೆ. ಬೇರೆಯವರು ಬರೆದದ್ದನ್ನು ಹೀಗೆ ಓದುವವರು ಸಿಗುವುದಿಲ್ಲ. ಕೀಲಿ ನಿಮಗೆ."

ಹೊಗಳಿದರೋ ತೆಗಳಿದರೋ ಇಂದಿಗೂ ಬಗೆಹರಿದಿಲ್ಲ. ಪುಟ್ಟಸ್ವಾಮಿ ಮಾತ್ರ ಬಗೆಹರಿಸಿದ. "ತನ್ ಎಲೇಲಿ ಕತ್ತೆ ಸತ್ ಬಿದ್ದಿದ್ರೂ ಪಕ್ಕದೆಲೆ ನೊಣ ಓಡ್ಸೋವ್ನು ಬೇಕಂತೆ ಕಣ್ಲಾ ಅವ್ರಿಗೆ. ನಿನ್ಗಿಂತ ಒಳ್ಳೇವ್ನು ಎಲ್ಲಿ ಸಿಕ್ಕಾನು!"

ಕೀಲಿ ಹಿಡಿದು ಮಾಡಿದ ಮೊದಲ ಕೆಲಸ, ಅವಳ ತೇಪೆಯನ್ನು ಸೇರಿಸಿ ನನ್ನದನ್ನು ತಿರಸ್ಕರಿಸಿದ್ದು. ಬರೆದವರು ಎಂಬಲ್ಲಿ ನನ್ನ ಕೈಯಾರೆ ದಾಕ್ಷಾಯಣಿ ಎಂದು ಹೊಡೆದೆ. ಸೇರಿಸಿದವರು ಎಂಬಲ್ಲಿ, ಅದರ ಕೆಳಗೆ, ನಂಜುಂಡಸ್ವಾಮಿ ಎಂದು ಬಂತು. ಬಯಸಿದ ಹೆಸರು ಬಯಸಿದ ಕಡೆಯೇ ಬಂದಿತ್ತು. ಅವಳ ಹೆಸರಿನ ಕೆಳಗೆ ಬರುತ್ತದೆಂದು ಯಾರು ಎಣಿಸಿದ್ದರು?

ಸುದ್ದಿ ಕಳಿಸಿದ ಎರಡು ದಿನಕ್ಕೆ ಅವಳ ಫೋನ್ ಬಂತು.

"ನನ್ ಹೆಸ್ರು ಬಂದದಂತೆ ಸಾರ್."

"ಬಂದದೆ ಮೇಡಂ."

"ನಾವು ಇಬ್ರು ಅಂತ ಬರೆದ್ರಂತಲ್ಲ. ಒಳ್ಳೇದು ಮಾಡುದ್ರಿ." ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದಳು: "ಕೀಲಿ ನಿಮ್ಗ್ಯಾಕೆ ಕೊಟ್ರು? ಬರ್ದಿದ್ದೆಲ್ಲ ನಾನು. ನಿಮ್ಗೆ ಫೋನ್ ಲೈನಿತ್ತು ಅಂತಾನಾ?"

ಆ ದನಿ ನನಗೆ ಗೊತ್ತಿತ್ತು. ವರ್ಷಗಟ್ಟಲೆ ನನ್ನ ಎದೆಯೊಳಗೆ ಕೇಳುತ್ತಿದ್ದ ದನಿ ಅದು. ಈಗ ಗುಂಡ್ಲುಪೇಟೆಯ ಎಸ್‌ಟಿಡಿ ಬೂತಿನಿಂದ ಬರುತ್ತಿತ್ತು. ಸುಳ್ಳು ಹೇಳಲಾರೆ, ಕಿವಿಗೆ ಹಾಲು ಹೊಯ್ದಂತಾಯಿತು.

"ಇದ್ರೂ ಇರ್ಬೋದು ಮೇಡಂ" ಎಂದೆ. "ಮುಂದಿನ್ ಪ್ಯಾಚ್ ಕಳ್ಸಿ, ನೋಡ್ತೀನಿ."

"ನೋಡಿ ಸಾರ್, ನೋಡಿ. ಚೆನ್ನಾಗಿ ನೋಡಿ" ಎಂದು ಫೋನ್ ಕುಕ್ಕಿದಳು.

ಫ್ಲಾಪಿ ಮಾರನೆಯ ದಿನದ ಮೊದಲ ಬಸ್ಸಿಗೇ ಬಂತು. ಕವರಿನ ಮೇಲೆ ದಯವಿಟ್ಟು ಇರಲಿಲ್ಲ, ಸಾರ್ ಇರಲಿಲ್ಲ, ನನ್ನ ಹೆಸರೊಂದೇ ಇತ್ತು. ಬಾಗಿಲು ಹಾಕಿಕೊಂಡು ಕೂತೆ. ಏಳು ದಿನ ರಜೆ ಕೊಟ್ಟು ನೋಡಿದೆ. ಹೆಸರಿಲ್ಲದವರನ್ನು ಸೇರಿಸಿ ನೋಡಿದೆ. ಊಟಕ್ಕೆ ಕರೆಯಲು ಬಂದ ಪುಟ್ಟಸ್ವಾಮಿಯನ್ನು ಗದರಿಸಿ ಕಳಿಸಿದೆ. ಸಂಜೆ ಕಾಲೇಜಿನ ಗೇಟು ಹಾಕುವವರೆಗೂ ಹುಡುಕಿದೆ. ಒಂದೇ ಒಂದು ತಪ್ಪು ಸಿಗಲಿಲ್ಲ. ಹಲ್ಲು ಕಚ್ಚಿಕೊಂಡು ಸೇರಿಸಿದೆ.